ಒಂದೇ ಒಂದು ಹಳೇ ನಾಣ್ಯ ಇಟ್ಕೊಳ್ಳೋದಾದ್ರೆ ಯಾವ್ದು?

ಪ್ರಶ್ನೆ: ನಾನು ಮೊಳಕಾಲ್ಮೂರು ತಾಲ್ಲೂಕಿನ ನಿವೃತ್ತ ಮೇಷ್ಟ್ರು. ಸರ್ವೀಸ್ ಇದ್ದಷ್ಟು ವರ್ಷ ಮಕ್ಕಳನ್ನ ಬ್ರಹ್ಮಗಿರಿಗೆ ಕರ್ಕೊಂಡು ಹೋಗಿ ಅಶೋಕನ ಶಾಸನ ತೋರಿಸ್ತಿದ್ದೆ. ಈಗ ಕೈಯಲ್ಲಿ ಸ್ವಲ್ಪ ದುಡ್ಡಿದೆ. ಒಂದೇ ಒಂದು ಪ್ರಾಚೀನ ನಾಣ್ಯ ತಗೊಂಡು ಜೋಪಾನವಾಗಿಟ್ಟು ಮುಂದೆ ಮೊಮ್ಮಗಳ ಕೈಗೆ ಕೊಡ್ಬೇಕು ಅಂತ ಆಸೆ. ವಿಜಯನಗರದ ಚಿನ್ನದ ವರಹ, ಚಂದ್ರವಳ್ಳಿ ಕಡೆಯ ಗೂಳಿ ಚಿತ್ರದ ಸೀಸದ ನಾಣ್ಯ, ಬೆಳ್ಳಿಯ ಪಂಚ್ ಮಾರ್ಕ್ ನಾಣ್ಯ, ಈ ಮೂರರಲ್ಲಿ ಮನಸ್ಸು ಓಡಾಡ್ತಿದೆ. ಮನೇಲಿ ಎಲ್ರೂ ಚಿನ್ನಾನೇ ತಗೊಳ್ಳಿ ಅಂತಾರೆ. ನೀವೇನಂತೀರಿ?

ಉತ್ತರ: ಮೇಷ್ಟ್ರೇ, ನಮಸ್ಕಾರ. ನಂಗೆ ಯೋಚ್ನೆ ಮಾಡೋಕೇ ಟೈಮ್ ಬೇಕಾಗ್ಲಿಲ್ಲ, ಬೆಳ್ಳಿ ಪಂಚ್ ಮಾರ್ಕ್ ತಗೊಳ್ಳಿ. ಬೇರೆ ಊರಿನವ್ರು ಕೇಳಿದ್ರೆ ಬೇರೆ ಏನಾದ್ರೂ ಹೇಳ್ತಿದ್ನೇನೋ, ಆದ್ರೆ ಕೇಳ್ತಿರೋದು ಬ್ರಹ್ಮಗಿರಿ ಪಕ್ಕದವ್ರು. ಕ್ರಿ.ಪೂ. 3ನೇ ಶತಮಾನದಲ್ಲಿ ಮೌರ್ಯರ ದಕ್ಷಿಣದ ರಾಜಧಾನಿ ಸುವರ್ಣಗಿರಿಯಿಂದ ಇಸಿಲದ (ಬ್ರಹ್ಮಗಿರೀಲಿದ್ದ ಹಳೇ ಊರು) ಅಧಿಕಾರಿಗಳಿಗೆ ಅಂತ ಬಂದ ಅಶೋಕನ ಅಪ್ಪಣೇನ ನಿಮ್ಮೂರ ಬಂಡೆ ಮೇಲೆ ಬರೆದ್ನಲ್ಲ ಚಪಡ ಅನ್ನೋ ಲಿಪಿಕಾರ, ಆ ಕಾಲದಲ್ಲಿ ಮೌರ್ಯರ ರಾಜ್ಯದುದ್ದಕ್ಕೂ ಕೈಯಿಂದ ಕೈಗೆ ಓಡಾಡ್ತಿದ್ದ ದುಡ್ಡು ಇದೇನೇ. ಬಂಡೇನ ಮನೆಗೆ ತರೋಕಾಗಲ್ಲ, ತರಲೂಬಾರ್ದು. ಆ ಕಾಲದ ಒಂದು ವಸ್ತು ಅಂಗೈ ಮೇಲೆ ಬಂದು ಕೂತ್ಕೊಳ್ಳೋದು ಅಂದ್ರೆ ಅದು ಈ ನಾಣ್ಯ ಒಂದೇ ಅನ್ಸುತ್ತೆ ನಂಗೆ.

ನೋಡೋಕೆ ಅದು ಚೆಂದ ಇರಲ್ಲ, ಮೊದ್ಲೇ ಹೇಳ್ಬಿಡ್ತೀನಿ. ದುಂಡಗೂ ಇಲ್ಲ, ಚೌಕಾನೂ ಅಲ್ಲ. ಬೆಳ್ಳಿ ತಗಡನ್ನ ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಆ ಪಟ್ಟೀನ ತುಂಡು ಮಾಡಿ, ತೂಗಿ ನೋಡಿ, ಜಾಸ್ತಿ ಬಂದ್ರೆ ಮೂಲೆ ಕತ್ತರಿಸಿ ಸರಿ ಮಾಡ್ತಿದ್ರು, ಹಾಗಾಗಿ ಒಂದೊಂದು ಒಂದೊಂದು ಆಕಾರ. ಒಂದು ಮುಖದ ಮೇಲೆ ಐದು ಗುರುತುಗಳನ್ನ ಬೇರೆ ಬೇರೆ ಅಚ್ಚಿಂದ ಒಂದಾದ್ಮೇಲೆ ಒಂದು ಹೊಡೀತಿದ್ರು. ಸೂರ್ಯ ಇರ್ತಾನೆ, ಆರು ಕೈ ಚಾಚಿರೋ ಚಕ್ರದಂಥ ಒಂದು ಗುರುತು ಇರುತ್ತೆ, ಮಿಕ್ಕಿದ ಮೂರು ಬದಲಾಗ್ತಾ ಹೋಗುತ್ತೆ, ಆನೆ, ಗೂಳಿ, ಮರ, ಮೂರು ಕಮಾನಿನ ಬೆಟ್ಟದ ಮೇಲೆ ಅರ್ಧಚಂದ್ರ, ಹೀಗೆ. ರಾಜನ ಹೆಸರಿಲ್ಲ, ಮುಖ ಇಲ್ಲ, ಒಂದು ಅಕ್ಷರಾನೂ ಇಲ್ಲ. ಹಿಂದೆ ತಿರುಗಿಸಿ ಭೂತಗನ್ನಡಿ ಹಿಡಿದ್ರೆ ಸಣ್ಣ ಸಣ್ಣ ಗುರುತು ಕಾಣ್ಬಹುದು, ಅವು ನಾಣ್ಯ ಚಲಾವಣೇಲಿದ್ದಾಗ ಪರೀಕ್ಷೆ ಮಾಡಿದವ್ರು, ಸರಾಫರು ಹೊಡೆದದ್ದು ಅಂತ ಹೇಳ್ತಾರೆ. ನಾಣ್ಯ ಪರೀಕ್ಷೆ ಮಾಡೋ ಅಧಿಕಾರಿಗೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರೂಪದರ್ಶಕ ಅಂತ ಹೆಸರಿದೆ. ನಂಗೆ ಮುಂದಿನ ಐದು ಗುರುತಿಗಿಂತ ಹಿಂದಿನ ಈ ಚುಕ್ಕೆಗಳೇ ಜಾಸ್ತಿ ಇಷ್ಟ, ಯಾಕಂದ್ರೆ ಯಾರೋ ಒಬ್ಬ ಅದನ್ನ ಕೈಯಲ್ಲಿ ಹಿಡಿದು, ಅನುಮಾನ ಪಟ್ಟು, ಆಮೇಲೆ ಒಪ್ಕೊಂಡಿದ್ದಾನೆ ಅಂತ ಅದ್ರಲ್ಲಿ ಗೊತ್ತಾಗುತ್ತೆ.

ಇನ್ನೊಂದು ವಿಷ್ಯ ಮೊಮ್ಮಗಳಿಗೆ ಹೇಳೋಕೆ ಚೆನ್ನಾಗಿರುತ್ತೆ. ಈ ನಾಣ್ಯದ ತೂಕ 32 ಗುಲಗಂಜಿ ಲೆಕ್ಕ. ಅದೇ ಕೆಂಪು ಕರಿ ಗುಲಗಂಜಿ, ನಮ್ಮ ಅಕ್ಕಸಾಲಿಗರ ತಕ್ಕಡೀಲೂ ಇರ್ತಿತ್ತಲ್ಲ, ಅದು. ಗ್ರಾಮ್ ಲೆಕ್ಕದಲ್ಲಿ ಸುಮಾರು ಮೂರೂವರೆ, ಸವೆದಿರೋದ್ರಿಂದ ಸ್ವಲ್ಪ ಕಮ್ಮಿ ಬರುತ್ತೆ. ಬೇಲಿಯಿಂದ 32 ಗುಲಗಂಜಿ ಆರಿಸ್ಕೊಂಡು ಬಂದು ಒಂದು ತಟ್ಟೇಲಿ ಅದು, ಇನ್ನೊಂದು ತಟ್ಟೇಲಿ ನಾಣ್ಯ ಇಟ್ಟು ತೂಗಿ ತೋರಿಸಿ (ಬೀಜ ವಿಷ, ಮಗು ಬಾಯಿಗೆ ಹಾಕ್ಕೊಳ್ದಂಗೆ ನೋಡ್ಕೊಳ್ಳಿ). ಇನ್ನೂ ಒಂದಿದೆ. ಇದನ್ನ ಆಗ ಪಣ, ಕಾರ್ಷಾಪಣ ಅಂತಿದ್ರು. ಹಳಗನ್ನಡದ ಪಾಲು ಹಾಲಾಗಿ, ಪೂ ಹೂವಾದ ಹಾಗೇನೇ ಪಣ ನಮ್ಮಲ್ಲಿ ಹಣ ಆಯ್ತು. ನಾವು ದಿನಾ ಹಣ ಹಣ ಅಂತೀವಲ್ಲ, ಆ ಮಾತಿನ ಬೇರು ನಿಮ್ಮ ಅಂಗೈ ಮೇಲಿರುತ್ತೆ.

ಈಗ ಮಿಕ್ಕ ಎರಡರ ಬಗ್ಗೆ. ವರಹ ನಿಜವಾಗ್ಲೂ ಚೆಂದ, ಉಮಾಮಹೇಶ್ವರ ಕೂತಿರೋದು, ಅಚ್ಯುತರಾಯನ ಗಂಡಭೇರುಂಡ, ಹಿಂದುಗಡೆ ನಾಗರಿ ಅಕ್ಷರದಲ್ಲಿ ಶ್ರೀ ಪ್ರತಾಪ ಅಂತ ಶುರುವಾಗೋ ಹೆಸರು. ಆದ್ರೆ ವಿಜಯನಗರ ಶುರುವಾಗಿದ್ದೇ 1336ರಲ್ಲಿ, ನೀವು ಕೇಳ್ತಿರೋ ಅರ್ಥದಲ್ಲಿ ಅದು ಪ್ರಾಚೀನ ಅಲ್ಲ. ಚಿನ್ನ ಆದ್ದರಿಂದ ನಕಲೀನೂ ಜಾಸ್ತಿ, ಅಸಲಿ ಸಿಕ್ಕಿದ್ರೂ ಎಷ್ಟೋ ವರಹಗಳನ್ನ ಹಿಂದೆ ಸರಕ್ಕೆ ಬೆಸೆದು ಆಮೇಲೆ ಕಿತ್ತಿರ್ತಾರೆ, ಅಂಚಲ್ಲಿ ಬೆಸುಗೆ ಗುರುತಿದ್ಯಾ ಅಂತ ನೋಡ್ಬೇಕಾಗುತ್ತೆ. ಅದಕ್ಕಿಂತ ದೊಡ್ಡ ಭಯ ನಂಗೆ ಬೇರೆ. ಚಿನ್ನ ಅಂದ್ಮೇಲೆ ಮನೇಲಿ ಯಾವತ್ತೋ ಒಂದು ಕಷ್ಟ ಬಂದಾಗ ಅದರ ರೇಟೇ ಮೊದ್ಲು ಕಣ್ಣಿಗೆ ಬೀಳುತ್ತೆ. ಬೆಳ್ಳಿ ತುಂಡಿಗೆ ಆ ಗತಿ ಬರಲ್ಲ.

ಸೀಸದ ಗೂಳಿ ನಿಮ್ಮ ಜಿಲ್ಲೆಯದ್ದೇ. ಶಾತವಾಹನರ ಕಾಲದಲ್ಲಿ ಈ ಕಡೆ ಆಳ್ತಿದ್ದ ಸಡಕಣ ಮಹಾರಥಿಗಳು ಅನ್ನೋ ನಾಯಕರದ್ದು, ಒಂದು ಕಡೆ ಡುಬ್ಬದ ಗೂಳಿ, ಇನ್ನೊಂದು ಕಡೆ ಕಟಾಂಜನದೊಳಗಿನ ಮರ, ಬೆಟ್ಟ, ಸುತ್ತ ಬ್ರಾಹ್ಮಿ ಅಕ್ಷರ. ಚಂದ್ರವಳ್ಳೀಲಿ ಮೈಸೂರಿನ ಪುರಾತತ್ವ ವಿದ್ವಾಂಸ ಡಾ. ಎಂ. ಎಚ್. ಕೃಷ್ಣ ಅವ್ರು ಅಗೆಸಿದ್ರು, ಆಮೇಲೆ 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ವೀಲರ್ ಬ್ರಹ್ಮಗಿರೀನೂ ಚಂದ್ರವಳ್ಳೀನೂ ಎರಡೂ ಅಗೆಸಿದ್ರು, ಅದೆಲ್ಲ ನಿಮ್ಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ನನ್ನ ಹೃದಯಕ್ಕೆ ತುಂಬಾ ಹತ್ರದ ನಾಣ್ಯ ಇದು, ಆದ್ರೂ ಮನೇಲಿಟ್ಕೊಳ್ಳಿ ಅನ್ನೋಕೆ ಮನಸ್ಸು ಬರಲ್ಲ. ಸೀಸಕ್ಕೆ ಮರದ ಬೀರುನೇ ಶತ್ರು. ಮರದಿಂದ ಬರೋ ಹುಳಿ ಆವಿ ತಾಗ್ತಾ ತಾಗ್ತಾ ಮೇಲೆ ಬಿಳೀ ಪುಡಿ ಕಟ್ಟಿ ಅಕ್ಷರಾನೇ ತಿಂದ್ಹಾಕುತ್ತೆ, ಮೊಮ್ಮಗಳು ದೊಡ್ಡೋಳಾಗೋ ಹೊತ್ತಿಗೆ ಗೂಳಿ ಇರುತ್ತೋ ಇಲ್ವೋ. ಜೊತೆಗೆ ಹಳೇ ಊರಿನ ದಿಬ್ಬ ಕದ್ದು ಅಗೆದು ತಂದ ಮಾಲೂ ಮಾರ್ಕೆಟ್ಟಲ್ಲಿ ಬರುತ್ತೆ, ಅದನ್ನ ಕೊಂಡ್ರೆ ನಾವೇ ಗುದ್ದಲಿ ಕೊಟ್ಟಂಗೆ. ಗೂಳೀನ ಮ್ಯೂಸಿಯಂನಲ್ಲಿ ನೋಡಿ, ಮೊಮ್ಮಗಳನ್ನೂ ಕರ್ಕೊಂಡ್ ಹೋಗಿ.

ಕೊಳ್ಳೋವಾಗ: ಲೈಸೆನ್ಸ್ ಇರೋ ಡೀಲರ್ ಹತ್ರಾನೇ ತಗೊಳ್ಳಿ, ರಸೀದಿ ಕೇಳಿ, ನಾಣ್ಯದ ಎರಡೂ ಮುಖದ ಫೋಟೋ ರಸೀದಿಗೆ ಲಗತ್ತಿಸಿ ಅನ್ನಿ. ಸಣ್ಣ ಡಿಜಿಟಲ್ ತಕ್ಕಡಿ ಜೊತೇಲಿರ್ಲಿ. ಅಸಲಿಯಲ್ಲಿ ಐದು ಏಟೂ ಒಂದೇ ಆಳ ಇರಲ್ಲ, ಒಂದರ ಮೇಲೆ ಒಂದು ಹತ್ತಿರುತ್ತೆ, ಕೆಲವು ಅಂಚಿಂದ ಆಚೆ ಹೋಗಿ ಅರ್ಧಾನೇ ಬಿದ್ದಿರುತ್ತೆ. ಎರಕ ಹೊಯ್ದ ನಕಲೀಲಿ ಎಲ್ಲಾ ಗುರುತೂ ಸೋಪು ಸವೆದಂಗೆ ಮೆತ್ತಗಿರುತ್ತೆ, ಸೂಜಿ ಮೊನೆಯಷ್ಟು ಗುಳ್ಳೆ ತೂತು ಕಾಣುತ್ತೆ, ಅಂಚಲ್ಲಿ ಸುತ್ತಲೂ ಗೆರೆ ಇರ್ಬಹುದು. ಒಂದೇ ಟ್ರೇನಲ್ಲಿ ಆಕಾರ, ಗುರುತಿನ ಜಾಗ ಎಲ್ಲಾ ತದ್ರೂಪಿ ಇರೋ ಎರಡು ಕಂಡ್ರೆ ಅಲ್ಲಿ ಏನೂ ತಗೋಬೇಡಿ, ಕೈಯಲ್ಲಿ ಹೊಡೆದ ನಾಣ್ಯ ಎರಡು ಒಂದೇ ಥರ ಬರೋಕೆ ಸಾಧ್ಯಾನೇ ಇಲ್ಲ.

ಪ್ರಶ್ನೆ: ಅಮೆರಿಕದಲ್ಲಿದೀನಿ, ಮುಂದಿನ ತಿಂಗಳು ಬೆಂಗಳೂರಿಗೆ ಬರ್ತೀನಿ. ಹೊಯ್ಸಳರದ್ದೋ ಶಾತವಾಹನರದ್ದೋ ಒಂದು ನಾಣ್ಯ ಕೊಂಡು ಇಲ್ಲಿಗೆ ತರ್ಬಹುದಾ? ನಮ್ಮೂರಿನ ನೆನಪು ಒಂದು ಕೈಲಿರ್ಲಿ ಅಂತ.

ಉತ್ತರ: ಬೇಡಪ್ಪ, ತರೋಕಾಗಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು, ಖಾಸಗಿಯವ್ರು ದೇಶದಿಂದಾಚೆ ಒಯ್ಯೋದು ಅಪರಾಧ. ಆದ್ರೆ ನಿಮ್ಮ ಆಸೆಗೆ ಬೇರೆ ದಾರಿ ಇದೆ. 1891ರಲ್ಲಿ ಯಶವಂತಪುರದಲ್ಲಿ ರೋಮನ್ನರ 163 ಬೆಳ್ಳಿ ದಿನಾರಿಯಸ್ ಸಿಕ್ತು, 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ರ 256. ಬಹುಪಾಲು ಅಗಸ್ಟಸ್, ಟೈಬೀರಿಯಸ್ ಅನ್ನೋ ರೋಮ್ ಚಕ್ರವರ್ತಿಗಳ ಕಾಲದ್ದು. ಟೈಬೀರಿಯಸ್‌ದು ಒಂದು ಕಡೆ ಅವನ ಮುಖ, ಇನ್ನೊಂದು ಕಡೆ ಕುರ್ಚಿ ಮೇಲೆ ಕೂತಿರೋ ಹೆಣ್ಣು. ಅದೇ ಮಾದರಿ ನಾಣ್ಯ ನೀವಿರೋ ಕಡೆ ದಾಖಲೆ ಸಮೇತ ಮಾರೋ ಡೀಲರ್‌ಗಳ ಹತ್ರ ಸಿಗುತ್ತೆ, ಹಿಂದಿನ ಮಾಲೀಕರು ಯಾರು, ಯಾವಾಗ ಬಂತು ಅಂತ ಕೇಳಿ ತಗೊಳ್ಳಿ. ಎರಡು ಸಾವಿರ ವರ್ಷದ ಹಿಂದೆ ಬೆಂಗಳೂರು ಮುಟ್ಟಿದ್ದ ದುಡ್ಡಿನ ಅಣ್ಣ ತಮ್ಮ ಅದು, ಊರಿನ ನೆನಪಿಗೆ ಅದಕ್ಕಿಂತ ಹತ್ರದ್ದು ಅಲ್ಲಿ ಸಿಗಲ್ಲ.

ಪ್ರಶ್ನೆ: ಅಜ್ಜಿ ಪೆಟ್ಟಿಗೇಲಿ 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಸಿಕ್ಕಿದೆ, ರಾಮ ಸೀತೆ ಚಿತ್ರ ಇದೆ. ಲಕ್ಷಗಟ್ಟಲೆ ಬರುತ್ತೆ ಅಂತ ವಾಟ್ಸಾಪಲ್ಲಿ ಬಂದಿತ್ತು, ಒಬ್ರು ಮೊದ್ಲು ರಿಜಿಸ್ಟ್ರೇಷನ್ ಫೀಸ್ ಕಟ್ಟಿ ಅಂತಿದಾರೆ.

ಉತ್ತರ: ಒಂದು ರೂಪಾಯಿನೂ ಕಟ್ಬೇಡಿ ತಾಯಿ. ಕಂಪನಿ ಅಂಥ ನಾಣ್ಯ ಹೊರಡಿಸ್ಲೇ ಇಲ್ಲ. ಕಂಪನಿ ಹೆಸರಲ್ಲಿ ರಾಮ, ಹನುಮಂತ, ಓಂ ಇರೋದೆಲ್ಲ ಆಮೇಲೆ ಯಾರ್ಯಾರೋ ಮಾಡಿ ಹಂಚಿದ ಬಿಲ್ಲೆಗಳು. ಹಳೇ ನಾಣ್ಯ ಕೊಳ್ತೀವಿ ಅಂತ ರಿಸರ್ವ್ ಬ್ಯಾಂಕ್ ಹೆಸರಲ್ಲಿ ಫೀಸ್, ಕಮಿಷನ್ ಕೇಳೋರನ್ನ ನಂಬಬೇಡಿ ಅಂತ 2021ರಲ್ಲಿ ಬ್ಯಾಂಕೇ ಪ್ರಕಟಣೆ ಕೊಟ್ಟಿದೆ. ಅಜ್ಜಿ ಪೂಜೆಗೆ ಇಟ್ಕೊಂಡಿದ್ದಿರ್ಬೇಕು, ದೇವರ ಮನೇಲೇ ಇರ್ಲಿ.

ಪ್ರಶ್ನೆ: ತಾಮ್ರದ ಹಳೇ ನಾಣ್ಯ ಕಪ್ಪಾಗಿದೆ, ಹುಣಸೆಹಣ್ಣು ಹಾಕಿ ಉಜ್ಜಬಹುದಾ?

ಉತ್ತರ: ದಯವಿಟ್ಟು ಬೇಡ. ಕಾಲೇಜಿನಲ್ಲಿದ್ದಾಗ ನಾನು ಹಾಗೇ ಮಾಡಿದ್ದೆ, ವಿಜಯನಗರದ ಒಂದು ತಾಮ್ರದ ಕಾಸು, ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿ ಪಳಪಳ ಮಾಡ್ದೆ, ಜೊತೇಲಿ ಅಕ್ಷರಾನೂ ಹೋಯ್ತು. ಇವತ್ತಿಗೂ ಆ ಕಾಸು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಆ ಕಪ್ಪು ಪದರಾನೇ ಅದಕ್ಕೆ ಚರ್ಮ. ಮಣ್ಣಿದ್ರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ಮೆತ್ತನೆ ಬಟ್ಟೇಲಿ ಒತ್ತಿ ಒಣಗಿಸಿ, ಉಜ್ಜಬೇಡಿ. ತಿಳಿ ಹಸಿರು ಪುಡಿ ಉದುರ್ತಿದ್ರೆ ಮಾತ್ರ ಅದು ರೋಗ, ಬೇರೆ ನಾಣ್ಯಗಳಿಂದ ದೂರ ಇಟ್ಟು ಸಿಲಿಕಾ ಜೆಲ್ ಹಾಕಿ ಒಣಗಿರೋ ಡಬ್ಬೀಲಿಡಿ. ಮೆತ್ತನೆ ಪಿವಿಸಿ ಕವರ್ ಬೇಡ, ರಬ್ಬರ್ ಬ್ಯಾಂಡೂ ಬೇಡ.

ಪ್ರಶ್ನೆ: ಹೊಲ ಉಳುವಾಗ ಸಣ್ಣ ಮಡಕೇಲಿ ಹತ್ತಿಪ್ಪತ್ತು ನಾಣ್ಯ ಸಿಕ್ಕಿದೆ. ಒಂದನ್ನ ನೆನಪಿಗೆ ಇಟ್ಕೊಂಡು ಮಿಕ್ಕಿದ್ದು ಕೊಡ್ಲಾ? ಕೊಟ್ರೆ ನಮ್ಗೇ ತೊಂದ್ರೆ ಆಗುತ್ತೆ ಅಂತ ಅಕ್ಕಪಕ್ಕದವ್ರು ಹೆದರಿಸ್ತಿದಾರೆ.

ಉತ್ತರ: ಒಂದನ್ನೂ ಇಟ್ಕೋಬೇಡಿ ಅಣ್ಣ, ಹೆದರ್ಕೋಲೂಬೇಡಿ. ನಿಧಿ ಸಿಕ್ಕಿದ್ರೆ ಜಿಲ್ಲಾಧಿಕಾರಿಗೆ ಬರವಣಿಗೇಲಿ ತಿಳಿಸ್ಬೇಕು ಅಂತ ಕಾನೂನಿದೆ, ತಹಶೀಲ್ದಾರ್ ಆಫೀಸಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಮುಚ್ಚಿಟ್ರೇನೇ ತೊಂದ್ರೆ, ತಿಳಿಸಿದವ್ರಿಗೆ ಪರಿಹಾರದ ಅವಕಾಶಾನೂ ಕಾನೂನಲ್ಲಿದೆ. ಇಪ್ಪತ್ತು ಒಟ್ಟಿಗಿದ್ರೆ ಯಾವ ರಾಜನ ನಾಣ್ಯ ಯಾರದ್ದರ ಜೊತೆ ಓಡಾಡ್ತಿತ್ತು, ಯಾವ ವರ್ಷದ ಆಸುಪಾಸಲ್ಲಿ ಹೂತಿಟ್ರು ಅಂತ ತಿಳ್ಕೊಳ್ಳೋಕಾಗುತ್ತೆ, ಒಂದು ಕಮ್ಮಿ ಆದ್ರೆ ಆ ಲೆಕ್ಕಾನೇ ತಪ್ಪಬಹುದು, ಯಾಕಂದ್ರೆ ನೀವು ಆರಿಸಿ ಇಟ್ಕೊಳ್ಳೋದು ಬೇರೆ ಥರ ಇರೋದನ್ನೇ ಅಲ್ವಾ. ತೊಳೀಬೇಡಿ, ಹಾಗೇ ಮಣ್ಣಿರ್ಲಿ. ಸಿಕ್ಕ ಜಾಗಕ್ಕೆ ಒಂದು ಗೂಟ ಹೊಡೆದು ಫೋಟೋ ತೆಗೀರಿ, ಅಲ್ಲಿ ಸದ್ಯಕ್ಕೆ ಮತ್ತೆ ಉಳಬೇಡಿ. ಮಡಕೆ ಒಡೆದಿದ್ರೆ ಚೂರುಗಳನ್ನೂ ಎಸೀದೆ ಒಂದು ಬಟ್ಟೇಲಿ ಕಟ್ಟಿ ನಾಣ್ಯಗಳ ಜೊತೇಲೇ ಕೊಡಿ.