ನನ್ನ ರಿಕರ್ವ್ ಬಿಲ್ಲಿನ (ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು) ಲಿಂಬ್, ಅಂದರೆ ಬಾಗುವ ತೋಳಿನ ಮೇಲೆ 30 ಪೌಂಡ್ ಎಂದಿದೆ, 26 ಇಂಚು ಎಳೆದರೆ ತೂಕದ ಸ್ಕೇಲ್ 26 ಪೌಂಡ್ ತೋರಿಸುತ್ತಿದೆ, ಯಾಕೆ?

ನಿಮ್ಮ ರಿಕರ್ವ್ ಬಿಲ್ಲಿನಲ್ಲಿ ದೋಷವೇನೂ ಇಲ್ಲ. ಲಿಂಬ್ ಮೇಲಿನ ಅಂಕಿ ಸಾಮಾನ್ಯವಾಗಿ 25 ಇಂಚಿನ ರೈಸರ್‌ಗೆ, ಅಂದರೆ ಕೈಯಲ್ಲಿ ಹಿಡಿಯುವ ನಡುಭಾಗಕ್ಕೆ, ಜೋಡಿಸಿ 28 ಇಂಚು ಎಳೆದಾಗ ಬರುವ ತೂಕ, ಅಂದರೆ ಎಳೆಯಲು ಬೇಕಾದ ಬಲ. ನೀವು ಎಳೆಯುತ್ತಿರುವುದು 26 ಇಂಚು.

ಲಿಂಬ್ ಸ್ಪ್ರಿಂಗ್ ಇದ್ದಂತೆ, ಬಾಗಿದಷ್ಟೂ ಬಿಗಿ. ಇಂಥ ಬಿಲ್ಲಿನಲ್ಲಿ ಇಂಚಿಗೆ ಸುಮಾರು 2 ಪೌಂಡ್ ವ್ಯತ್ಯಾಸವಾಗುತ್ತದೆ. ಅದೇ ಲಿಂಬ್‌ಗಳನ್ನು 23 ಇಂಚಿನ ರೈಸರ್‌ಗೆ ಹಾಕಿದರೆ ಬಿಲ್ಲು ಗಿಡ್ಡವಾಗುತ್ತದೆ, ಅಷ್ಟೇ ಎಳೆತಕ್ಕೆ ಲಿಂಬ್ ಇನ್ನಷ್ಟು ಬಾಗಬೇಕು, ತೂಕ ಸುಮಾರು 2 ಪೌಂಡ್ ಏರುತ್ತದೆ. ಲಿಂಬನ್ನು ರೈಸರ್‌ಗೆ ಹಿಡಿದಿಡುವ ಲಿಂಬ್ ಬೋಲ್ಟ್ ತಿರುಗಿಸಿಯೂ ತೂಕವನ್ನು ಸ್ವಲ್ಪ ಹೊಂದಿಸಬಹುದು, ಆದರೆ ತಯಾರಕರು ಹೇಳಿದ ಮಿತಿ ಮೀರಿ ಸಡಿಲಿಸಬೇಡಿ. ಎಳೆದಾಗ ಲಿಂಬ್ ಕಳಚಿಕೊಂಡರೆ ಗಾಯವಾಗಬಹುದು.

ಬಾಣ ಕೊಳ್ಳುವಾಗ ಸ್ಕೇಲ್ ತೋರಿಸಿದ 26 ಪೌಂಡನ್ನೇ ಹೇಳಿ.