ನಿಮ್ಮ ಲೇಖನದಲ್ಲಿ ಕೇಳುವವರು ಎಲ್ಲಿದ್ದಾರೆ?

ಪ್ರಿಯ ಸಹೋದರಿ,

ಕರ್ತನಲ್ಲಿ ವಂದನೆಗಳು. ‘ಸಂಸ್ಕೃತಿಗಳ ಗಡಿ ದಾಟುವ ಸುವಾರ್ತೆ: ಸೇವಕರ ತರಬೇತಿ ಮತ್ತು ಸಭಾ ಸ್ಥಾಪನೆ’ ಎಂಬ ನಿಮ್ಮ ಲೇಖನ ತಲುಪಿತು. ಹನ್ನೊಂದು ಪುಟ. ಒಂದು ಸಲ ಕಚೇರಿಯಲ್ಲಿ ಓದಿದೆ. ಮನೆಗೆ ತೆಗೆದುಕೊಂಡು ಹೋಗಿ ರಾತ್ರಿ ನಿಧಾನವಾಗಿ ಇನ್ನೊಂದು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪತ್ರಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ನೀವು ಇದನ್ನು ಕೈಬಿಡಬಾರದು. ಅದಕ್ಕೇ ಎರಡು ಸಾಲಿನಲ್ಲಿ ಮುಗಿಸದೆ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಿಮ್ಮ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಸಲಹೆಯ ಅಂಕಣದಲ್ಲೂ ಹಾಕುತ್ತಿದ್ದೇನೆ. ನಿಮ್ಮಲ್ಲಿ ಕಂಡ ತೊಂದರೆ ನಮಗೆ ಬರುವ ಇನ್ನೂ ಹಲವು ಬರಹಗಳಲ್ಲಿದೆ.

ಏಳನೇ ಪುಟದ ಕೆಳಗೆ ಒಂದು ಪ್ಯಾರಾ ಇದೆ. ನಿಮ್ಮ ಬೈಬಲ್ ಕಾಲೇಜಿನ ಮೂರನೇ ವರ್ಷದ ವಿದ್ಯಾರ್ಥಿ, ಕೋಲಾರದ ಕಡೆಯ ಹುಡುಗ, ಹೆಣ್ಣೂರಿನಾಚೆ ಅಪಾರ್ಟ್‌ಮೆಂಟ್ ಕಟ್ಟುತ್ತಿರುವ ಜಾಗದ ಪಕ್ಕದ ತಗಡಿನ ಶೆಡ್‌ಗಳಿಗೆ ಹೋಗುತ್ತಾನೆ. ನೀವೂ ಜೊತೆಗಿದ್ದೀರಿ. ಅವನ ಕೈಯಲ್ಲಿ ಬೈಬಲ್, ಕಾಲಲ್ಲಿ ಶೂ. ಬಾಗಿಲಲ್ಲಿ ನಿಂತೇ ಮಾತು ಶುರು ಮಾಡುತ್ತಾನೆ. ಆಮೇಲೆ ನೀವು ಬರೆದಿರುವುದು ಹೀಗೆ: ‘ಪಾದರಕ್ಷೆಗಳನ್ನು ಕಳಚಿ ಒಳಪ್ರವೇಶಿಸಬೇಕೆಂದು ವೃದ್ಧೆಯೊಬ್ಬರು ಸೂಚಿಸಿದರು.’ ಹುಡುಗ ಶೂ ಬಿಚ್ಚಿದ. ಚಾಪೆಯ ಮೇಲೆ ಕೂತ. ಸ್ಟೀಲ್ ಲೋಟದಲ್ಲಿ ಚಹಾ ಬಂತು. ಆ ದಿನ ಬೈಬಲ್ ತೆರೆಯಲೇ ಇಲ್ಲ. ಐದೇ ಸಾಲು. ಅದರ ಕೆಳಗೆ ‘ತರಬೇತಿಯ ಆರು ಆಯಾಮಗಳು’ ಶುರುವಾಗುತ್ತದೆ.

ಸಹೋದರಿ, ನಿಮ್ಮ ಲೇಖನ ಇರುವುದು ಆ ಐದು ಸಾಲಿನಲ್ಲಿ. ಉಳಿದ ಪುಟಗಳಲ್ಲಿ ಸುವಾರ್ತೆ ಹೇಳುವವರು ಇದ್ದಾರೆ, ಅವರಿಗೆ ಕಲಿಸುವವರು ಇದ್ದಾರೆ, ಯೋಜನೆ ಇದೆ. ಕೇಳುವವರು ಮಾತ್ರ ಎಲ್ಲೂ ಇಲ್ಲ. ಇದ್ದರೂ ‘ಗುರಿ ಗುಂಪು’ ಆಗಿದ್ದಾರೆ, ‘ತಲುಪದ ಜನಾಂಗ’ ಆಗಿದ್ದಾರೆ. ಒಂದು ಕಡೆ ‘ಶತ್ರುವಿನ ಕೋಟೆ’ಯೂ ಆಗಿದ್ದಾರೆ. ಇವು ಇಂಗ್ಲಿಷ್ ತರಬೇತಿ ಪುಸ್ತಕಗಳಿಂದ ಇಳಿದು ಬಂದ ಮಾತುಗಳು. ಆ ಅಜ್ಜಿಯ ಮುಂದೆ ಕೂತು, ಅವರು ಕೊಟ್ಟ ಚಹಾ ಕುಡಿಯುತ್ತಾ, ನೀವು ಇವನ್ನು ಗಟ್ಟಿಯಾಗಿ ಓದಬಲ್ಲಿರಾ? ಓದಲಾಗದ ಮಾತನ್ನು ಬರೆಯಬೇಡಿ. ‘ಕೊಯ್ಲು’ ಸತ್ಯವೇದದ ಮಾತೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮತ್ತಾಯನ ಒಂಬತ್ತನೇ ಅಧ್ಯಾಯದಲ್ಲಿ ಆ ಮಾತಿಗೆ ಮುಂಚೆ ಯೇಸು ಸ್ವಾಮಿ ಜನರನ್ನು ನೋಡಿ ಕನಿಕರಪಟ್ಟರು ಅಂತಿದೆ. ಮೊದಲು ನೋಡಿದರು, ಆಮೇಲೆ ಬೆಳೆಯ ಮಾತಾಡಿದರು.

ಇದು ನನಗೂ ತಡವಾಗಿ ತಿಳಿದದ್ದು. ಪ್ರಾಯದಲ್ಲಿ ನಾನು ಒಂದು ತಂಡದ ಜೊತೆ ಹಳ್ಳಿ ಸುತ್ತುತ್ತಿದ್ದೆ. ಒಂದು ಸಂಜೆ ಯೋಹಾನ ಮೂರನೇ ಅಧ್ಯಾಯದ ಮೇಲೆ ಪ್ರಸಂಗ ಮಾಡಿದೆ. ‘ನೀವು ಹೊಸದಾಗಿ ಹುಟ್ಟಬೇಕು’ ಅಂತ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಮುಗಿದ ಮೇಲೆ, ದಿನವಿಡೀ ರಾಗಿ ಹೊಲದಲ್ಲಿ ಕಳೆ ಕಿತ್ತು ಬಂದಿದ್ದ ಹೆಂಗಸೊಬ್ಬರು ಹತ್ತಿರ ಬಂದರು. ‘ಇನ್ನೊಂದು ಸಲ ಹುಟ್ಟೋದಾ ಸ್ವಾಮಿ? ಈ ಒಂದು ಜನ್ಮವೇ ಸಾಕಾಗಿದೆ. ಇನ್ನು ಹುಟ್ಟದ ಹಾಗೆ ಏನಾದರೂ ಇದ್ದರೆ ಹೇಳಿ’ ಅಂದರು. ನಾನು ಹೇಳಿದ್ದು ಜೀವದ ಮಾತು. ಅವರ ಕಿವಿಗೆ ಬಿದ್ದದ್ದು ಶಿಕ್ಷೆ. ಅವರ ಭಾಷೆಯೂ ಕನ್ನಡ, ನನ್ನ ಭಾಷೆಯೂ ಕನ್ನಡ. ಬೈಬಲ್ ಕಾಲೇಜಿನಲ್ಲಿ ನನಗೆ ಗ್ರೀಕ್ ಕಲಿಸಿದ್ದರು. ‘ಹುಟ್ಟು’ ಅಂದರೆ ನಮ್ಮ ಹಳ್ಳಿಯ ಜನಕ್ಕೆ ಏನು ಅನ್ನುವುದನ್ನು ಯಾರೂ ಕಲಿಸಿರಲಿಲ್ಲ. ಆ ಹೆಂಗಸಿಗೆ ಅಂದು ಸರಿಯಾದ ಉತ್ತರ ಕೊಡಲಾಗಲಿಲ್ಲ. ಆ ಸಂಜೆ ನನಗೆ ಇವತ್ತಿಗೂ ಭಾರ.

ನಿಮ್ಮ ಲೇಖನದಲ್ಲಿ ‘ಸಂಸ್ಕೃತಿಯ ಗಡಿ’ ಅಂದರೆ ಬರೀ ಹೊರರಾಜ್ಯ, ಹೊರದೇಶ. ಹಡ್ಸನ್ ಮೆಮೋರಿಯಲ್ ಅಥವಾ ಅವೆನ್ಯೂ ರಸ್ತೆಯ ರೈಸ್ ಮೆಮೋರಿಯಲ್ ಚರ್ಚಿನ ಬೆಂಚಿನಿಂದ ಎದ್ದು, ಬಿಎಂಟಿಸಿ ಬಸ್ಸು ಹತ್ತಿ ಆ ತಗಡಿನ ಶೆಡ್‌ಗೆ ಹೋಗುವುದೂ ಗಡಿ ದಾಟುವುದೇ. ಎರಡು ಕಡೆಯೂ ಕನ್ನಡ ಇರುವುದರಿಂದ ಈ ಗಡಿ ಕಣ್ಣಿಗೆ ಬೀಳುವುದಿಲ್ಲ. ‘ಉತ್ತರ ಕರ್ನಾಟಕದ ಕಾರ್ಮಿಕರು’ ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಬೀದರಿನವರೋ, ಯಾದಗಿರಿಯವರೋ, ಬಾಗಲಕೋಟೆಯವರೋ? ಮಾತು ಬೇರೆ, ದೇವರು ಬೇರೆ, ಹಬ್ಬ ಬೇರೆ.

ಸತ್ಯವೇದದ ಆಧಾರ ಕೊಡುವಾಗ ಇಪ್ಪತ್ತಮೂರು ವಚನ ಪಟ್ಟಿ ಮಾಡಿದ್ದೀರಿ. ಎಲ್ಲ ತೆಗೆಯಿರಿ. ಅಪೊಸ್ತಲರ ಕೃತ್ಯಗಳು ಹದಿನಾಲ್ಕನೇ ಅಧ್ಯಾಯ ಒಂದೇ ಸಾಕು. ಲುಸ್ತ್ರ ಅನ್ನುವ ಊರಿನಲ್ಲಿ ಪೌಲ ಹುಟ್ಟುಕುಂಟನೊಬ್ಬನನ್ನು ವಾಸಿಮಾಡುತ್ತಾನೆ. ಜನ ತಮ್ಮ ಲುಕವೋನ್ಯ ಭಾಷೆಯಲ್ಲಿ ಕೂಗುತ್ತಾರೆ: ದೇವರುಗಳೇ ಮನುಷ್ಯರ ರೂಪದಲ್ಲಿ ಇಳಿದು ಬಂದಿದ್ದಾರೆ! ಜೊತೆಗಿದ್ದ ಬಾರ್ನಬ ಅವರ ದೇವರು ಜ್ಯೂಸ್ ಅಂತೆ, ಮಾತಾಡುವ ಪೌಲ ಇನ್ನೊಬ್ಬ ದೇವರು ಹರ್ಮಿಸ್ ಅಂತೆ. ಪೂಜಾರಿ ಎತ್ತುಗಳನ್ನೂ ಹಾರಗಳನ್ನೂ ಹಿಡಿದು ಬಾಗಿಲಿಗೇ ಬರುತ್ತಾನೆ. ಅಲ್ಲಿಯವರೆಗೂ ಅಪೊಸ್ತಲರಿಗೆ ಏನು ನಡೆಯುತ್ತಿದೆ ಅಂತ ಗೊತ್ತಾದ ಹಾಗೆ ಕಾಣುವುದಿಲ್ಲ. ಈ ಪುಸ್ತಕ ಬರೆದ ಲೂಕ, ಆ ಭಾಷೆಯ ಹೆಸರನ್ನು ಸುಮ್ನೆ ಬರೆದಿಲ್ಲ. ಪೌಲನಂಥವನಿಗೂ ಕೇಳುವವರ ಮನೆಮಾತು ಬಾರದೆ ಹೋದರೆ ಹೀಗಾಗುತ್ತದೆ.

ಆಮೇಲೆ ಅವರು ಬಟ್ಟೆ ಹರಿದುಕೊಂಡು ಜನರ ಮಧ್ಯೆ ನುಗ್ಗಿ ಮಾತಾಡುತ್ತಾರೆ. ಹಿಂದಿನ ಅಧ್ಯಾಯದಲ್ಲಿ ಪಿಸಿದ್ಯದ ಅಂತಿಯೋಕ್ಯದ ಸಭಾಮಂದಿರದಲ್ಲಿ ಪೌಲ ಐಗುಪ್ತದಿಂದ ಶುರು ಮಾಡಿ ದಾವೀದನ ಮೇಲೆ ಹಾದು ಬಂದಿದ್ದ. ಲುಸ್ತ್ರದಲ್ಲಿ ಅದ್ಯಾವುದೂ ಇಲ್ಲ. ಮಳೆ, ಬೆಳೆ, ಹೊಟ್ಟೆ ತುಂಬ ಊಟ, ಮನಸ್ಸಿಗೆ ಸಂತೋಷ: ಇವನ್ನು ಕೊಟ್ಟವನು ದೇವರು ಅನ್ನುತ್ತಾರೆ. ಎರಡೂ ಅಧ್ಯಾಯಗಳನ್ನು ಅಕ್ಕಪಕ್ಕ ಇಟ್ಟು ವಿದ್ಯಾರ್ಥಿಗಳಿಂದ ಓದಿಸಿ. ಮಳೆ ಬಾರದೆ ಊರು ಬಿಟ್ಟು ಬೆಂಗಳೂರಿಗೆ ಬಂದವರ ಶೆಡ್‌ನಲ್ಲಿ ಯಾವ ಪ್ರಸಂಗ ಮಾಡಬೇಕು ಅಂತ ಅವರೇ ಹೇಳಲಿ.

ಮುಗಿದಿಲ್ಲ. ಅದೇ ಊರಿನಲ್ಲಿ ಪೌಲನಿಗೆ ಕಲ್ಲೆಸೆದು, ಸತ್ತ ಅಂದುಕೊಂಡು ಹೊರಗೆ ಎಳೆದು ಹಾಕುತ್ತಾರೆ. ಅವನು ಎದ್ದು ಊರೊಳಗೇ ಹೋಗುತ್ತಾನೆ. ಮರುದಿನ ದೆರ್ಬೆಗೆ ಹೋಗಿ ಅಲ್ಲಿಂದ ಮತ್ತೆ ಲುಸ್ತ್ರಕ್ಕೆ ಬರುತ್ತಾನೆ. ಸಭೆ ಸಭೆಗೆ ಹಿರಿಯರನ್ನು ನೇಮಿಸಿ, ಉಪವಾಸ ಪ್ರಾರ್ಥನೆ ಮಾಡಿ, ಕರ್ತನ ಕೈಗೆ ಒಪ್ಪಿಸಿ ಹೊರಡುತ್ತಾನೆ. ಆ ಊರಿನವರೇ ಹಿರಿಯರು. ಸಭಾ ಸ್ಥಾಪನೆಗೆ ನೀವು ಕೊಟ್ಟ ನಾಲ್ಕು ಪುಟದ ವಿವರಣೆಗಿಂತ ಇದು ಜಾಸ್ತಿ ಹೇಳುತ್ತದೆ. ಹದಿನಾರನೇ ಅಧ್ಯಾಯಕ್ಕೆ ಬಂದರೆ ತಿಮೊಥೆಯ ಸಿಗುತ್ತಾನೆ. ಆ ಸೀಮೆಯ ಹುಡುಗ. ತಾಯಿ ಯೆಹೂದ್ಯಳು, ತಂದೆ ಗ್ರೀಕನು. ಪೌಲ ಮುಂದೆ ಮಗನ ಹಾಗೆ ನಂಬಿದ ಸೇವಕ ಅವನು. ತರಬೇತಿ ನಡೆದದ್ದು ಅವನ ಜೊತೆ ದಾರಿ ನಡೆಯುತ್ತಾ.

ಕನ್ನಡದ ಚರಿತ್ರೆಗೆ ನೀವು ಕೊಟ್ಟಿರುವುದು ಎರಡು ಸಾಲು: ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, ಕಿಟ್ಟೆಲ್ ನಿಘಂಟು ಬರೆದರು. ಎರಡೂ ಸರಿ. ಆದರೆ ನಿಮ್ಮ ವಿಷಯಕ್ಕೆ ಬೇಕಾದದ್ದು ಅದರೊಳಗಿದೆ. ಆ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಶುರು ಮಾಡಿದರು, ಅದು ಕನ್ನಡದ ಮೊದಲ ಪತ್ರಿಕೆ. ಅದೇ ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಸುವಾರ್ತೆ ಸಾರಲು ಬಂದವರು ಹರಿದಾಸರ ಹಾಡು ಯಾಕೆ ಕೂಡಿಸಿದರು? ಕಿಟ್ಟೆಲ್ ಬಂದದ್ದು 1853ರಲ್ಲಿ, ನಿಘಂಟು ಹೊರಬಂದದ್ದು 1894ರಲ್ಲಿ. ನಡುವೆ 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ‘ಕಥಾಮಾಲೆ’ಯಾಗಿ ಬರೆದರು. ಜನ ಹೇಗೆ ಹಾಡುತ್ತಾರೆ ಅಂತ ಕಿವಿಗೊಡದೆ ಅದು ಆಗುವ ಕೆಲಸವಲ್ಲ. ಅವರ ಕಾಲದ ತಪ್ಪುಗಳೂ ಇವೆ, ಅವನ್ನೂ ಬರೆಯಿರಿ. ಆದರೆ ಇವತ್ತು ಮೂರು ತಿಂಗಳ ಕೋರ್ಸ್ ಮುಗಿಸಿ ‘ಸಂಸ್ಕೃತಿ ತಿಳಿಯಿತು’ ಅನ್ನುವ ಹುಡುಗರಿಗೆ ಆ ನಲವತ್ತೊಂದು ವರ್ಷ ಕಾಣಬೇಕು.

ಒಂದು ಕಡೆ ನಾನು ನಿಮ್ಮ ಜೊತೆ ಗಟ್ಟಿಯಾಗಿ ಜಗಳ ಮಾಡಬೇಕು. ಮಿಷನರಿ ಡೊನಾಲ್ಡ್ ಮೆಕ್‌ಗವ್ರನ್ ಅವರ ವಾದವನ್ನು ಪ್ರಶ್ನೆಯೇ ಇಲ್ಲದೆ ಎರಡು ಪುಟ ಒಪ್ಪಿಕೊಂಡಿದ್ದೀರಿ. ಜನ ತಮ್ಮ ಭಾಷೆ, ಕುಲ, ವರ್ಗದ ಗೆರೆ ದಾಟದೆಯೇ ಕ್ರೈಸ್ತರಾಗಲು ಇಷ್ಟಪಡುತ್ತಾರೆ, ಹಾಗಾಗಿ ಒಂದೊಂದು ಗುಂಪಿನೊಳಗೇ ಸಭೆ ಬೆಳೆಸಿ ಅನ್ನುವುದು ಆ ವಾದ. ಅವರು 1897ರಲ್ಲಿ ನಮ್ಮ ದೇಶದ ದಮೋಹ್‌ನಲ್ಲೇ ಹುಟ್ಟಿದವರು, ಮಧ್ಯ ಭಾರತದಲ್ಲಿ ದಶಕಗಟ್ಟಲೆ ಸೇವೆ ಮಾಡಿದವರು. ಕಣ್ಣಾರೆ ಕಂಡದ್ದನ್ನೇ ಹೇಳಿದರು. ಒಂದೇ ಕುಲದವರ ಸಭೆ ಬೇಗ ಬೆಳೆಯಬಹುದು. ಆಮೇಲೆ? ಸ್ಮಶಾನದಲ್ಲೂ ಜಾತಿಯ ಗೋಡೆ ಕಟ್ಟಿಕೊಂಡ ಕ್ರೈಸ್ತರು ದಕ್ಷಿಣ ಭಾರತದಲ್ಲಿದ್ದಾರೆ. 1981ರಲ್ಲಿ ದೈವಶಾಸ್ತ್ರಜ್ಞ ಅರವಿಂದ ನಿರ್ಮಲ್ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲೇ (ಯುಟಿಸಿ) ಉಪನ್ಯಾಸ ಕೊಟ್ಟು, ಮುಂದೆ ದಲಿತ ದೈವಶಾಸ್ತ್ರ ಅನಿಸಿಕೊಂಡ ಚಿಂತನೆಗೆ ದಾರಿ ಮಾಡಿದರು. ನಿಮ್ಮ ಕಾಲೇಜಿನಿಂದ ಯುಟಿಸಿ ಗ್ರಂಥಾಲಯ ದೂರವಿಲ್ಲ. ಹೋಗಿ ಓದಿ, ಆಮೇಲೆ ಆ ಎರಡು ಪುಟ ಮತ್ತೆ ಬರೆಯಿರಿ. ಮೊದಲ ಹೆಜ್ಜೆ ಅವರ ಭಾಷೆಯಲ್ಲಿ ಇಡಬೇಕು, ನಿಜ. ಆದರೆ ಕರ್ತನ ಭೋಜನದ ಮೇಜು ಒಂದೇ ಇರಬೇಕಲ್ವಾ?

ಮೇಜು ಅಂದಾಗ ನಮ್ಮ ದೇಶದ ಸೇವಕ ವಿ.ಎಸ್. ಅಜರಯ್ಯ ನೆನಪಾಗುತ್ತಾರೆ. 1910ರಲ್ಲಿ, ಯುಟಿಸಿ ಶುರುವಾದ ವರ್ಷವೇ, ಅವರು ಎಡಿನ್‌ಬರೋದ ಮಿಷನರಿ ಸಮ್ಮೇಳನದಲ್ಲಿ ನಿಂತು ಮಿಷನರಿಗಳಿಗೆ ಮಾತಾಡಿದರು. ನೀವು ಬಡವರಿಗೆ ಆಸ್ತಿ ಕೊಟ್ಟಿದ್ದೀರಿ, ಪ್ರಾಣವನ್ನೂ ಕೊಟ್ಟಿದ್ದೀರಿ, ನಮಗೆ ಸ್ನೇಹಿತರನ್ನು ಕೊಡಿ ಅಂತ ಕೇಳಿದರು. ಎರಡು ವರ್ಷದ ನಂತರ ಅವರು ದೋರ್ನಕಲ್‌ನ ಬಿಷಪ್ ಆದರು. ತರಬೇತಿಯ ಬಗ್ಗೆ ನಿಮ್ಮ ಆರು ಆಯಾಮಗಳಲ್ಲಿ ಸ್ನೇಹ ಎಲ್ಲೂ ಇಲ್ಲ.

ಐದನೇ ಪುಟದಲ್ಲಿ ರೇಷನ್ ಕಿಟ್ ಹಂಚಿ, ಅದೇ ಸಾಲಿನಲ್ಲಿ ನಿಂತವರಿಗೆ ‘ತೀರ್ಮಾನದ ಕರೆ’ (ಈಗಲೇ ಯೇಸುವನ್ನು ನಂಬಿ ಅನ್ನುವ ಕರೆ) ಕೊಟ್ಟದ್ದನ್ನು ಮಾದರಿ ಅಂತ ಹೊಗಳಿದ್ದೀರಿ. ಇದನ್ನು ನಾನು ಅಚ್ಚು ಹಾಕುವುದಿಲ್ಲ. ಹಸಿದವರಿಗೆ ಅಕ್ಕಿ ಕೊಡಿ, ಕೊಟ್ಟು ಸುಮ್ಮನಿರಿ. ಅಕ್ಕಿ ಹಿಡಿದ ಕೈ ‘ಬೇಡ’ ಅನ್ನಲಾರದು. ‘ಬೇಡ’ ಅನ್ನಲಾಗದವರ ‘ಹೌದು’ಗೆ ಏನು ಅರ್ಥ? ಕಾನೂನಿನ ಮಾತು ಆಮೇಲಿನದು, ಆದರೆ ಅದೂ ಇದೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನಲ್ಲಿ ಸೇರಿಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರದ ವಿರುದ್ಧ ಕಾಯ್ದೆ ಬಂತು, 2023ರಲ್ಲಿ ಅದನ್ನು ರದ್ದು ಮಾಡಲು ಸಚಿವ ಸಂಪುಟ ತೀರ್ಮಾನಿಸಿತು. ಈ ಭಾಗವನ್ನು ಒಬ್ಬ ವಕೀಲರಿಗೆ ತೋರಿಸಿಯೇ ಕಳಿಸಿ. ದೀಕ್ಷಾಸ್ನಾನದ ಫೋಟೋಗಳು, ಹಳ್ಳಿಗಳ ಹೆಸರು, ವಿಶ್ವಾಸಿಗಳ ಹೆಸರು ಬೇಡ. ನಮ್ಮ ಪತ್ರಿಕೆಯ ಒಂದು ಪುಟಕ್ಕಾಗಿ ಅವರು ಊರಲ್ಲಿ ಕಷ್ಟಪಡಬಾರದು.

ತರಬೇತಿ ಎಲ್ಲಿ ನಡೆಯಬೇಕು ಅನ್ನುವುದನ್ನೂ ಸೇರಿಸಿ. 1963ರ ಹೊತ್ತಿಗೆ ಗ್ವಾಟೆಮಾಲಾದಲ್ಲಿ ಸೇವಕರಾಗಲು ಓದಬೇಕೆಂದು ಊರು ಬಿಟ್ಟು ಬಂದವರು ಊರಿನ ಸಭೆಗೆ ವಾಪಸ್ ಹೋಗುತ್ತಿರಲಿಲ್ಲ. ಹಾಗಾಗಿ ಶಿಕ್ಷಕರೇ ಅವರಿದ್ದಲ್ಲಿಗೆ ಹೊರಟರು. ಆ ಕ್ರಮವೇ ಬೆಂಗಳೂರಿನಲ್ಲಿ 1971ರಲ್ಲಿ ಟಾಫ್ಟಿ ಅನ್ನುವ ಸಂಸ್ಥೆಯಾಗಿ ಶುರುವಾಯಿತು. ಹಗಲು ದುಡಿದು ರಾತ್ರಿ ಓದುವ ಸೇವಕರ ಬಗ್ಗೆ ನಿಮಗೆ ಗೊತ್ತಿರುವುದನ್ನು ಬರೆಯಿರಿ. ಆ ಶೆಡ್‌ಗಳಲ್ಲೇ ನಾಳೆಯ ತಿಮೊಥೆಯ ಇರಬಹುದು. ಅವನು ಸಿಮೆಂಟ್ ಕೆಲಸ ಬಿಟ್ಟು ಮೂರು ವರ್ಷ ಹಾಸ್ಟೆಲ್‌ಗೆ ಬರಲಾರ.

ಹನ್ನೊಂದು ಪುಟ ಐದಾಗಲಿ. ಆಯಾಮಗಳು, ಪಟ್ಟಿಗಳು ತರಗತಿಯಲ್ಲೇ ಉಳಿಯಲಿ. ಬಾಗಿಲಿನಿಂದ ಶುರು ಮಾಡಿ. ಆ ಹುಡುಗ ಮುಂದಿನ ವಾರವೂ ಹೋದನಾ? ಬೈಬಲ್ ತೆರೆಯದ ದಿನ ಅವನಿಗೆ ಬೇಜಾರಾಗಿತ್ತಾ, ಹಗುರಾಗಿತ್ತಾ? ಅವನನ್ನೇ ಕೇಳಿ. ಈಸ್ಟರ್ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ಇನ್ನೊಂದು. ‘ಪಾದರಕ್ಷೆಗಳನ್ನು ಕಳಚಿ ಒಳಪ್ರವೇಶಿಸಬೇಕು’ ಅಂತ ಆ ಅಜ್ಜಿ ಹೇಳಿರಲಾರರು. ನೀವು ಅಲ್ಲೇ ಇದ್ದಿರಿ, ಕೇಳಿಸಿಕೊಂಡಿದ್ದೀರಿ. ಅವರ ಬಾಯಿಂದ ಬಂದ ಮಾತನ್ನು ಬಂದ ಹಾಗೇ ಬರೆದು ಕಳಿಸಿ. ಅದರಲ್ಲಿ ಒಂದಕ್ಷರವನ್ನೂ ನಾನು ತಿದ್ದುವುದಿಲ್ಲ.

ನಿಮ್ಮ ಸಹೋದರ,
ಸಂಪಾದಕ
ಬೆಂಗಳೂರು