ಡೇ ಕೇರ್‌ಗೆ ಹೋಗಲೊಲ್ಲದ ಅತ್ತೆಯವರು: ಒಂದು ಆಪ್ತಸಲಹೆ ಪ್ರಕರಣ

ಮೈಸೂರಿನ ಗೃಹಿಣಿಯೊಬ್ಬರು ತಮ್ಮ 74 ವರ್ಷದ ಅತ್ತೆಯವರನ್ನು ನನ್ನ ಬಳಿ ಕರೆತಂದಿದ್ದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯಜಮಾನರು ತೀರಿಕೊಂಡ ಮೇಲೆ ಒಂಟಿತನ ಕಾಡದಿರಲೆಂದು ಮಗ, ಸೊಸೆ ಸೇರಿ ಅವರನ್ನು ಹಿರಿಯರ ಡೇ ಕೇರ್‌ಗೆ ಸೇರಿಸಿದ್ದರು. ಮೊದಲ ಎರಡು ತಿಂಗಳು ಭಜನೆ, ಚೌಕಾಬಾರ ಎಂದು ಸಂತೋಷದಿಂದ ಹೋಗಿಬರುತ್ತಿದ್ದವರು ಈಗ ಬೆಳಿಗ್ಗೆ ವ್ಯಾನು ಬಂದು ನಿಂತರೂ ಹೊರಡುವುದಿಲ್ಲ. ಹೋದ ದಿನ ಸಂಜೆ ಮಂಕಾಗಿ ಕೂರುತ್ತಾರೆ, ಆಡಿದ ಮಾತನ್ನೇ ಮರೆಯುತ್ತಾರೆ. "ಅರವತ್ತಕ್ಕೆ ಅರಳು ಮರಳು ಅಂತಾರಲ್ಲ ಮೇಡಂ, ಹಾಗಾಗಿಬಿಟ್ಟಿದೆ" ಎಂದು ಸೊಸೆ ಕಣ್ಣೊರೆಸಿಕೊಂಡರು.

ಮೊದಲ ಭೇಟಿಯನ್ನು ನಾನು ಅತ್ತೆ ಸೊಸೆಯರ ನಡುವಿನ ಮನಸ್ತಾಪ ಹುಡುಕುವುದರಲ್ಲೇ ಕಳೆದೆ. ಅದು ನನ್ನ ತಪ್ಪು. ಎರಡನೆಯ ಭೇಟಿಯಲ್ಲಿ ಸೊಸೆಯನ್ನು ಹೊರಗೆ ಕೂರಿಸಿ, ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನು ತಿನ್ನುತ್ತೀರಿ, ಎಷ್ಟು ಕುಡಿಯುತ್ತೀರಿ ಎಂದು ಗಂಟೆಗಂಟೆಯ ಲೆಕ್ಕ ಕೇಳಿದಾಗ, ಅಮ್ಮನವರು ಬಹಳ ಹೊತ್ತು ಸುಮ್ಮನಿದ್ದು, "ಅಲ್ಲಿ ನಾನು ನೀರೇ ಕುಡಿಯಲ್ಲ ಕಣಮ್ಮ. ಕುಡಿದ್ರೆ ಹೋಗ್ಬೇಕಾಗತ್ತೆ, ಕೂತ್ರೆ ಏಳೋಕಾಗಲ್ಲ. ಒಂದ್ಸಲ ಸೀರೇಲೇ ಆಗೋಯ್ತು" ಎಂದರು. ಮನೆಯಲ್ಲಿ ಯಾರಿಗೂ ಅವರು ಇದನ್ನು ಹೇಳಿರಲಿಲ್ಲ.

ಅವರ ಒಪ್ಪಿಗೆ ಪಡೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಒಬ್ಬರನ್ನು ಡೇ ಕೇರ್‌ಗೇ ಕರೆದುಕೊಂಡು ಹೋದೆ. ಮಲಗಿದ್ದಾಗ 146 ಇದ್ದ ಮೇಲಿನ ರಕ್ತದೊತ್ತಡ, ಎದ್ದು ನಿಂತ ಮೂರು ನಿಮಿಷದೊಳಗೆ 118ಕ್ಕೆ ಇಳಿಯಿತು. ಹೀಗೆ 20 ಅಥವಾ ಅದಕ್ಕಿಂತ ಹೆಚ್ಚು ಇಳಿಯುವುದು ತಲೆಸುತ್ತಿಗೂ ಬೀಳುವುದಕ್ಕೂ ಕಾರಣವಾಗಬಲ್ಲದು. ಅಮ್ಮನವರು ಬೆಳಿಗ್ಗೆ ಸೇವಿಸುತ್ತಿದ್ದುದು ಮೂತ್ರ ಹೆಚ್ಚಿಸುವ ಬಗೆಯ ಬಿ.ಪಿ. ಮಾತ್ರೆ, ಅದರ ಮೇಲೆ ಹಗಲೆಲ್ಲ ನೀರು ಬಿಟ್ಟಿದ್ದರಿಂದ ದೇಹ ಒಣಗಿತ್ತು. ವೈದ್ಯರು ಮಾಡಿಸಿದ ಪರೀಕ್ಷೆಯಲ್ಲಿ ಮೂತ್ರದ ಸೋಂಕೂ ಕಂಡಿತು. ವಯಸ್ಸಾದವರಲ್ಲಿ ಸೋಂಕು, ನಿರ್ಜಲೀಕರಣಗಳು ಜ್ವರಕ್ಕಿಂತ ಮೊದಲೇ ಮಂಕು, ಗೊಂದಲಗಳಾಗಿ ಕಾಣಿಸಿಕೊಳ್ಳಬಹುದು ಎಂಬುದು ಕುಟುಂಬದವರಿಗೆ ತಿಳಿದಿರಲಿಲ್ಲ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದೆಂದು ನಾನು ಒತ್ತಿ ಹೇಳಿದೆ. ಬದಲಾವಣೆಯನ್ನು ವೈದ್ಯರೇ ಮಾಡಿದರು.

ಅಮ್ಮನವರಿಗೆ ಸಿಸ್ಟರ್ ಕಲಿಸಿದ್ದು ಸರಳ: ಮಂಚದಿಂದ ಏಳುವಾಗ ಅಂಚಿನಲ್ಲಿ ಕುಳಿತು ಪಾದಗಳನ್ನು ಆಡಿಸಿ, ಸ್ವಲ್ಪ ತಡೆದು ನಿಲ್ಲುವುದು, ಅವಸರವಾಗುವವರೆಗೆ ಕಾಯದೆ ಎರಡು ಗಂಟೆಗೊಮ್ಮೆ ಶೌಚಾಲಯಕ್ಕೆ ಹೋಗುವುದು, ನೀರನ್ನು ಹಗಲಲ್ಲೇ ಸ್ವಲ್ಪಸ್ವಲ್ಪವಾಗಿ ಕುಡಿಯುವುದು. ಸೊಸೆಗೆ ನಾನು ಹೇಳಿದ್ದು, ಸೀರೆ ಒದ್ದೆಯಾದ ವಿಷಯವನ್ನು ಮಗನ ಮುಂದೆ ಎತ್ತಬಾರದು, ಅರಳು ಮರಳು ಎಂಬ ಮಾತನ್ನು ಆಡಲೇಬಾರದು, ಚೀಲದಲ್ಲಿ ಒಂದು ಜೊತೆ ಬಟ್ಟೆ ಇಟ್ಟು ಕಳುಹಿಸಬೇಕು ಎಂದು.

ಹೆಚ್ಚು ಮಾತಾಡಬೇಕಾಗಿ ಬಂದದ್ದು ಡೇ ಕೇರ್ ನಡೆಸುವವರೊಂದಿಗೆ. ಅವರು ಒಳ್ಳೆಯ ಮನಸ್ಸಿನವರು, ಬಿಸಿಯೂಟ ಹಾಕುತ್ತಾರೆ, ಹಬ್ಬ ಮಾಡುತ್ತಾರೆ. ಆದರೆ ಇಪ್ಪತ್ತೆರಡು ಹಿರಿಯರಲ್ಲಿ ಯಾರು ಯಾವ ಮಾತ್ರೆ ನುಂಗುತ್ತಾರೆ ಎಂಬ ಪಟ್ಟಿ ಅಲ್ಲಿರಲಿಲ್ಲ, ಸಕ್ಕರೆ ಕಾಯಿಲೆಯವರ ಪಾದ ನೋಡುವವರಿರಲಿಲ್ಲ. ಹಿರಿಯರ ಆರೋಗ್ಯ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 2010-11ರಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್ ನಡೆಸುವುದು ಅದರಲ್ಲೇ ಇದೆ. ಹೀಗಿರುವಾಗ ಡೇ ಕೇರ್‌ನವರು ಆ ಕೇಂದ್ರದ ಬಾಗಿಲು ತಟ್ಟಲು ಹಿಂಜರಿಯಬೇಕಿಲ್ಲ. ವಾರಕ್ಕೊಮ್ಮೆ ಸಿಸ್ಟರ್ ಭೇಟಿ, ಪ್ರತಿಯೊಬ್ಬರಿಗೂ ಬಿ.ಪಿ., ಸಕ್ಕರೆ, ತೂಕ, ಮಾತ್ರೆಗಳನ್ನು ಬರೆಯುವ ಒಂದು ಪುಸ್ತಕ, ಶೌಚಾಲಯದಲ್ಲಿ ಕಮೋಡ್ ಮತ್ತು ಹಿಡಿಕೆ, ಜೊತೆಗೆ ಹೋಗಲು ಒಬ್ಬ ಆಯಾ, ಇಷ್ಟನ್ನು ಬರೆದುಕೊಟ್ಟೆ. ಸಮುದಾಯ ಆರೋಗ್ಯ ತರಬೇತಿಗಾಗಿ ಬಡಾವಣೆಗಳಿಗೆ ಬರುವ ನರ್ಸಿಂಗ್ ವಿದ್ಯಾರ್ಥಿನಿಯರನ್ನೂ ಕರೆಸಿಕೊಳ್ಳಬಹುದೆಂದು ಸೂಚಿಸಿದೆ.

ಮೂರು ವಾರಗಳಲ್ಲಿ ಸೋಂಕು ವಾಸಿಯಾಗಿ ಸಂಜೆಯ ಮಂಕು ಬಹುಪಾಲು ಕಡಿಮೆಯಾಯಿತು. ಮರೆವು ಮಾತ್ರ ಸ್ವಲ್ಪ ಉಳಿದಿದೆ. ಅದರ ಪರೀಕ್ಷೆಯನ್ನು ದೇಹ ಪೂರ್ತಿ ಚೇತರಿಸಿಕೊಂಡ ಮೇಲೆ ಮಾಡಿಸಲು ದಿನ ಗೊತ್ತುಮಾಡಿದ್ದೇವೆ. ಡೇ ಕೇರ್‌ನಲ್ಲಿ ಒಂದು ಶೌಚಾಲಯಕ್ಕೆ ಹಿಡಿಕೆ ಬಂದಿದೆ, ಇನ್ನೊಂದಕ್ಕೆ ಬರಬೇಕು. ಅಮ್ಮನವರು ಈಗ ವಾರಕ್ಕೆ ಮೂರು ದಿನ ಹೋಗುತ್ತಾರೆ, ನೀರಿನ ಬಾಟಲಿಯನ್ನು ತಾವೇ ತುಂಬಿಸಿಕೊಂಡು.